ಒಂದು ಕೆನ್ನೆಗೆ ಒಂದು ರೇಜರ್: ಇಂಜೆಕ್ಟರ್ ರೇಜರ್‌ಗಳನ್ನು ಹೋಲಿಸಿ ಆರಿಸುವ ಬಗೆ

ನಾಲ್ಕು ವರ್ಷದ ಹಿಂದೆ ನಾವು ಬೆಂಗಳೂರಿನ ಗಾಂಧಿ ಬಜಾರ್ ಹತ್ತಿರದ ಬಾಡಿಗೆ ಮನೆ ಬಿಟ್ಟು ತಲಘಟ್ಟಪುರದ ಕಡೆ ಬಂದೆವು. ಬಂದ ಎರಡನೇ ವಾರಕ್ಕೇ ನನ್ನ ಕತ್ತಿನ ಮೇಲೆ ಕೆಂಪು ಗುಳ್ಳೆ ಎದ್ದವು. ಅದೇ ರೇಜರ್, ಅದೇ ಬ್ಲೇಡ್, ಅದೇ ಸೋಪು. ರೇಜರ್ ಕೆಟ್ಟಿತು ಅಂದುಕೊಂಡೆ. ಅದೊಂದು ಹಳೆಯ ಶಿಕ್ ಇಂಜೆಕ್ಟರ್. ಬಸವನಗುಡಿಯಲ್ಲೇ ಇರುವ ಗೆಳೆಯನಿಗೆ ಅದನ್ನು ಕೊಟ್ಟು, ನಾನು ಬೇರೊಂದು ತರಿಸಿದೆ. ಅದರಲ್ಲೂ ಉರಿ. ಒಂದು ತಿಂಗಳಾದ ಮೇಲೆ ಗೆಳೆಯ ಫೋನ್ ಮಾಡಿ, "ಏನ್ ರೇಜರ್ ಗುರು ಅದು, ಕೆನ್ನೆ ಬೆಣ್ಣೆ ಆಗಿದೆ" ಅಂದ.

ಬದಲಾಗಿದ್ದು ನೀರು. ಅಲ್ಲಿ ನಲ್ಲಿಯಲ್ಲಿ ಕಾವೇರಿ ಬರುತ್ತಿತ್ತು. ಇಲ್ಲಿ ಬೋರ್‌ವೆಲ್. ನೊರೆ ಸರಿಯಾಗಿ ಏಳುತ್ತಿರಲಿಲ್ಲ. ನಾನು ಅದನ್ನು ಗಮನಿಸದೆ ರೇಜರ್ ಮೇಲೆ ತಪ್ಪು ಹೊರಿಸಿದ್ದೆ.

ಆಮೇಲೆ ಒಂದು ಪಟ್ಟು ಹಿಡಿದೆ. ಎರಡು ರೇಜರ್ ಹೋಲಿಸಬೇಕಾದರೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ನೀರು, ನೊರೆ, ಬ್ಲೇಡ್, ಗಡ್ಡ ಎಷ್ಟು ದಿನದ್ದು, ಇವೆಲ್ಲ ಒಂದೇ ಇರಬೇಕು. ಆಗ ಮಾತ್ರ ಉಳಿದ ವ್ಯತ್ಯಾಸ ರೇಜರಿನದ್ದು. ಈ ಬರಹದಲ್ಲಿ ಹೇಳುವುದೆಲ್ಲ ಅದೇ ಪಟ್ಟಿನ ಮೇಲೆ ನಿಂತಿದೆ.

ಇಂಜೆಕ್ಟರ್ ಅಂದರೆ ಯಾವುದು

ನಮ್ಮಲ್ಲಿ ಸೇಫ್ಟಿ ರೇಜರ್ ಅಂದ ಕೂಡಲೇ ಕಣ್ಮುಂದೆ ಬರುವುದು ಎರಡೂ ಕಡೆ ಅಲಗಿರುವ ತೆಳು ಬ್ಲೇಡ್. ಟೋಪಾಜ್, ಸೆವೆನ್ ಒ ಕ್ಲಾಕ್, ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಇಂಜೆಕ್ಟರ್ ಬ್ಲೇಡ್ ಬೇರೆಯೇ ಜಾತಿ. ಒಂದೇ ಕಡೆ ಅಲಗು. ಪುಟ್ಟ ಉಕ್ಕಿನ ಪಟ್ಟಿಯ ಹಾಗೆ ಇರುತ್ತದೆ. ಉದ್ದ ಸುಮಾರು 39 ಮಿ.ಮೀ., ಅಗಲ ಸುಮಾರು 11 ಮಿ.ಮೀ., ದಪ್ಪ ಹೆಚ್ಚುಕಡಿಮೆ ಕಾಲು ಮಿ.ಮೀ. ಎರಡಲಗಿನ ಬ್ಲೇಡಿನ ದಪ್ಪ 0.1 ಮಿ.ಮೀ. ಮಾತ್ರ. ಅಂದರೆ ಇದು ಅದಕ್ಕಿಂತ ಎರಡೂವರೆ ಪಟ್ಟು ದಪ್ಪ.

ಈ ದಪ್ಪದಲ್ಲೇ ಇರುವುದು ವಿಷಯ. ತೆಳು ಬ್ಲೇಡ್ ಗಟ್ಟಿ ಕೂದಲಿಗೆ ತಾಗಿದಾಗ ಒಂದು ಕೂದಲೆಳೆಯಷ್ಟು ಬಾಗುತ್ತದೆ, ಅದುರುತ್ತದೆ. ಅದಕ್ಕೇ ಅದನ್ನು ರೇಜರ್ ತಲೆ ಬಿಲ್ಲಿನಂತೆ ಬಗ್ಗಿಸಿ ಬಿಗಿ ಹಿಡಿಯುತ್ತದೆ. ಇಂಜೆಕ್ಟರ್ ಬ್ಲೇಡ್ ತನ್ನ ದಪ್ಪದಿಂದಲೇ ಗಟ್ಟಿಯಾಗಿ ನಿಲ್ಲುತ್ತದೆ. ಬಗ್ಗಿಸಬೇಕಾದ್ದಿಲ್ಲ. ಹಾಗಾಗಿ ತಲೆ ಚಿಕ್ಕದಾಗಿ, ಚಪ್ಪಟೆಯಾಗಿ ಮಾಡಬಹುದು. ಮೂಗಿನ ಕೆಳಗೆ, ತುಟಿಯ ಮೂಲೆಯಲ್ಲಿ ಈ ಚಿಕ್ಕ ತಲೆ ಎಷ್ಟು ಸಲೀಸು ಅನ್ನುವುದು ಒಮ್ಮೆ ಬಳಸಿದರೆ ಗೊತ್ತಾಗುತ್ತದೆ.

ಇದನ್ನು ತಂದವನು ಅಮೆರಿಕದ ಸೇನೆಯಲ್ಲಿದ್ದ ಜೇಕಬ್ ಶಿಕ್. 1920ರ ದಶಕ. ಬಂದೂಕಿನ ಮ್ಯಾಗಜಿನ್‌ನಲ್ಲಿ ಗುಂಡುಗಳು ಒಂದರ ಹಿಂದೊಂದು ಕಾದು ಕೂತಿರುತ್ತವಲ್ಲ, ಹಾಗೆ ಬ್ಲೇಡ್‌ಗಳನ್ನು ಒಂದು ಡಬ್ಬಿಯಲ್ಲಿ ಜೋಡಿಸಿದರೆ ಹೇಗೆ ಅನ್ನುವುದು ಅವನ ಯೋಚನೆ. ಕಂಪನಿಯ ಹೆಸರೇ ಮ್ಯಾಗಜಿನ್ ರಿಪೀಟಿಂಗ್ ರೇಜರ್ ಕಂಪನಿ. ಬ್ಲೇಡಿನ ಈ ಡಬ್ಬಿಗೂ ಮ್ಯಾಗಜಿನ್ ಅಂತಲೇ ಹೆಸರು. ಅದರ ತುದಿಯಲ್ಲಿ ನಾಲಿಗೆಯಂತೆ ಒಂದು ತೆಳು ಕೀ ಚಾಚಿರುತ್ತದೆ. ಅದನ್ನು ರೇಜರ್ ತಲೆಯ ಪಕ್ಕದ ಸೀಳಿಗೆ ತೂರಿಸಿದರೆ ಒಳಗಿನ ಸ್ಪ್ರಿಂಗ್ ಸಡಿಲವಾಗುತ್ತದೆ. ಡಬ್ಬಿಯ ಮೇಲಿನ ಗುಂಡಿ ತಳ್ಳಿದರೆ ಹೊಸ ಬ್ಲೇಡ್ ಒಳಗೆ ಹೋಗಿ, ಹಳೆಯದನ್ನು ಇನ್ನೊಂದು ಬದಿಯಿಂದ ಹೊರಗೆ ನೂಕುತ್ತದೆ. ಬ್ಲೇಡಿಗೆ ಬೆರಳು ತಾಗುವುದೇ ಇಲ್ಲ. ವಿಶೇಷ ಅಂದರೆ ಇದೇ ಶಿಕ್ 1931ರಲ್ಲಿ ವಿದ್ಯುತ್ ಶೇವರ್ ಮಾರುಕಟ್ಟೆಗೆ ತಂದು, ಬ್ಲೇಡೇ ಬೇಡ ಅನ್ನುವ ದಾರಿಗೆ ಹೊರಳಿದ.

ಮೊದಲ ಹೆಜ್ಜೆ: ಬ್ಲೇಡ್ ಎಲ್ಲಿಂದ ಬರುತ್ತದೆ, ಅದನ್ನು ಗೊತ್ತುಮಾಡಿಕೊಳ್ಳಿ

ರೇಜರ್ ನೋಡಿ ಮನಸೋಲುವ ಮುಂಚೆ ಇದನ್ನು ಮಾಡಿ. ಬೆಂಗಳೂರಿನ ಅಂಗಡಿಯಲ್ಲಿ ಎರಡಲಗಿನ ಬ್ಲೇಡ್ ಕೆಲವೇ ರೂಪಾಯಿಗೆ ಸಿಗುತ್ತದೆ. ಇಂಜೆಕ್ಟರ್ ಬ್ಲೇಡ್ ಹಾಗೆ ಸಿಗುವುದಿಲ್ಲ. ಗಾಂಧಿ ಬಜಾರ್‌ನಲ್ಲೂ, ಮಲ್ಲೇಶ್ವರದಲ್ಲೂ, ಪೇಟೆ ಕಡೆ ಸಲೂನ್ ಸಾಮಾನು ಮಾರುವ ಅಂಗಡಿಗಳಲ್ಲೂ ನಾನು ಕೇಳಿ ಬಂದಿದ್ದೇನೆ. ಎಲ್ಲ ಕಡೆ ಎರಡಲಗಿನದ್ದೇ ಮುಂದಿಟ್ಟರು. ಹಾಗಾಗಿ ದಾರಿ ಎರಡೇ. ಆನ್‌ಲೈನ್‌ನಲ್ಲಿ ತರಿಸುವುದು, ಇಲ್ಲವೇ ಹೊರದೇಶದಿಂದ ಬರುವವರ ಕೈಲಿ ತರಿಸುವುದು. ಕೊರಿಯರ್‌ನಲ್ಲಿ ಹೊರಗಿಂದ ತರಿಸಿದರೆ ಕಸ್ಟಮ್ಸ್ ಸುಂಕ ಬೀಳುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಅಮೆರಿಕದಿಂದ ಅಕ್ಕನೋ ಭಾವನೋ ಬರುವವರಿದ್ದರೆ ಅವರಿಗೆ ಒಂದು ಮಾತು ಮೊದಲೇ ಹೇಳಿಬಿಡಿ. ಬಿಡಿ ಬ್ಲೇಡ್ ಮತ್ತು ಬ್ಲೇಡ್ ತುಂಬಿದ ಮ್ಯಾಗಜಿನ್ ಕೈಚೀಲದಲ್ಲಿ ಇಡುವಂತಿಲ್ಲ. ಚೆಕ್-ಇನ್ ಲಗೇಜಿನಲ್ಲೇ ಹಾಕಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದ ತಪಾಸಣೆಯಲ್ಲೇ ತೆಗೆದಿಟ್ಟುಬಿಡುತ್ತಾರೆ.

ಹೋಲಿಕೆ ಮಾಡುವುದಕ್ಕೆ ಒಂದೇ ಕಂಪನಿಯ, ಒಂದೇ ಪ್ಯಾಕಿನ ಬ್ಲೇಡ್ ಕನಿಷ್ಠ ಎರಡು ಬೇಕು, ನಾಲ್ಕಿದ್ದರೆ ಇನ್ನೂ ಒಳ್ಳೆಯದು. ಬ್ಲೇಡ್ ಬದಲಾದರೆ ಶೇವ್ ಬದಲಾಗುತ್ತದೆ. ಒಂದು ರೇಜರ್‌ಗೆ ಶಿಕ್ ಬ್ಲೇಡ್, ಇನ್ನೊಂದಕ್ಕೆ ಪರ್ಸೊನಾ ಕಂಪನಿಯ ಬ್ಲೇಡ್ ಹಾಕಿ ಹೋಲಿಸಿದರೆ ನೀವು ಹೋಲಿಸಿದ್ದು ಬ್ಲೇಡನ್ನೋ ರೇಜರನ್ನೋ ನಿಮಗೇ ಗೊತ್ತಾಗುವುದಿಲ್ಲ.

ಗೊಂದಲ ಆಗುವ ಇನ್ನೊಂದು ಜಾಗ ಇದೆ. ಒಂದೇ ಅಲಗಿರುವ ಬ್ಲೇಡ್ ಎಲ್ಲವೂ ಇಂಜೆಕ್ಟರ್ ಬ್ಲೇಡ್ ಅಲ್ಲ. ಬೆನ್ನಿನ ಮೇಲೆ ಮಡಚಿದ ಲೋಹದ ಪಟ್ಟಿ ಇದ್ದರೆ ಅದು ಜೆಮ್ ಬ್ಲೇಡ್. ಜಪಾನಿನ ಫೆದರ್ ಮತ್ತು ಕಾಯ್ ಕಂಪನಿಗಳ ಆರ್ಟಿಸ್ಟ್ ಕ್ಲಬ್ ಮಾದರಿಯ ಬ್ಲೇಡ್ ನೋಡಲು ಇಂಜೆಕ್ಟರ್‌ನಂತೆಯೇ ಇದ್ದರೂ ಉದ್ದ ಜಾಸ್ತಿ, ಇದರಲ್ಲಿ ಕೂರುವುದಿಲ್ಲ. ಒನ್‌ಬ್ಲೇಡ್ ಅನ್ನುವ ರೇಜರ್ ಫೆದರ್‌ನ ಬೇರೊಂದು ಬ್ಲೇಡ್ ಬಳಸುತ್ತದೆ. ಲೀಫ್ ಕಂಪನಿಯ ಟ್ವಿಗ್ ರೇಜರ್‌ಗೆ ಎರಡಲಗಿನ ಬ್ಲೇಡನ್ನೇ ಅರ್ಧ ಮುರಿದು ಹಾಕಬೇಕು. ನಮ್ಮ ಸಲೂನಿನವರು ಬ್ಲೇಡ್ ಮುರಿದು ಕ್ಷೌರದ ಕತ್ತಿಗೆ ಸಿಗಿಸುತ್ತಾರಲ್ಲ, ಅದೇ ಥರ. ಬ್ಲೇಡ್ ಹುಡುಕುವ ತಲೆನೋವು ಬೇಡ, ಒಂದೇ ಅಲಗಿನ ಸುಖ ಬೇಕು ಅನ್ನುವವರಿಗೆ ಟ್ವಿಗ್ ಥರದ್ದೇ ವಾಸಿ ಅಂತ ನಾನು ಖಂಡಿತ ಹೇಳುತ್ತೇನೆ. ಕಿರಾಣಿ ಅಂಗಡಿಯ ಬ್ಲೇಡ್ ಸಾಕು. ಆದರೆ ಬ್ಲೇಡಿನ ದಪ್ಪ ಕೊಡುವ ಗಟ್ಟಿತನ ಅದರಲ್ಲಿ ಬರುವುದಿಲ್ಲ.

ಎರಡನೇ ಹೆಜ್ಜೆ: ಹೋಲಿಸುವ ರೇಜರ್ ಆರಿಸುವುದು

ಸದ್ಯ ಸಿಗುವವು ಎರಡು ಬಗೆ. ಒಂದು ಹಳೆಯವು. ಶಿಕ್ ಇಂಜೆಕ್ಟರ್‌ಗಳನ್ನು ಸಂಗ್ರಹಕಾರರು ಎ, ಬಿ, ಸಿ ಅಂತ ಇಂಗ್ಲಿಷ್ ಅಕ್ಷರಗಳಿಂದ ಗುರುತಿಸುತ್ತಾರೆ. ಇ ಮತ್ತು ಜಿ ಮಾದರಿಗಳು ಮೊದಲ ಸಲ ಬಳಸುವವರಿಗೆ ಹೊಂದುತ್ತವೆ. ಹಗುರ, ಹಿಡಿ ತೆಳು, ತಲೆ ಚಿಕ್ಕದು. ಹೈಡ್ರೊ-ಮ್ಯಾಜಿಕ್ ಅನ್ನುವ ಮಾದರಿಯಲ್ಲಿ ಒಂದು ಸನ್ನೆ ಇದೆ, ಅದನ್ನು ಎತ್ತಿದರೆ ಬ್ಲೇಡಿನ ಹಿಡಿತ ಸಡಿಲವಾಗಿ ಒಳಗಿನ ನೊರೆ ತೊಳೆದುಹೋಗುತ್ತದೆ. ಆಮೇಲೆ ಬಂದ ಕೆಲವು ಶಿಕ್‌ಗಳಲ್ಲಿ ಅಂಕಿ ಇರುವ ತಿರುಗಣೆ ಇದೆ. ತಿರುಗಿಸಿದರೆ ಬ್ಲೇಡ್ ಮತ್ತು ಅದರ ಕೆಳಗೆ ಚರ್ಮಕ್ಕೆ ತಾಗುವ ಅಡ್ಡಪಟ್ಟಿಯ ನಡುವಿನ ಸಂದು ಹೆಚ್ಚು ಕಡಿಮೆ ಆಗುತ್ತದೆ. ಪಾಲ್ ಹೆಸರಿನಲ್ಲೂ ಇಂಜೆಕ್ಟರ್ ರೇಜರ್‌ಗಳು ಬಂದಿದ್ದವು.

ಇನ್ನೊಂದು ಈಗಿನ ಕಾಲದವು. ಅಮೆರಿಕದ ಸಪ್ಲೈ ಕಂಪನಿ ಇಡೀ ಲೋಹದಲ್ಲಿ ಇಂಜೆಕ್ಟರ್ ಮಾಡಿ ಈ ಬಗೆಗೆ ಮತ್ತೆ ಜೀವ ಕೊಟ್ಟಿತು. ಇವು ತೂಕದವು. ಹಳೆಯ ಜಿ ಮಾದರಿ ಕೈಯಲ್ಲಿ ಹಿಡಿದು ಆಮೇಲೆ ಇದನ್ನು ಎತ್ತಿದರೆ ಸಣ್ಣ ಸುತ್ತಿಗೆ ಎತ್ತಿದ ಹಾಗಿರುತ್ತದೆ. ತೂಕದ ರೇಜರ್‌ನಲ್ಲಿ ಕೈ ಒತ್ತುವ ಅಭ್ಯಾಸ ಇದ್ದವರಿಗೆ ಬೇಗ ಗಾಯ ಆಗುತ್ತದೆ. ಒತ್ತದೆ ಬಿಡಲು ಬರುವವರಿಗೆ ತೂಕವೇ ಕೆಲಸ ಮಾಡಿಕೊಡುತ್ತದೆ.

ಮೊದಲ ಹೋಲಿಕೆಗೆ ಹಳೆಯದೊಂದು, ಹೊಸದೊಂದು ಇಟ್ಟುಕೊಳ್ಳುವುದು ನನಗೆ ಸರಿ ಕಾಣುತ್ತದೆ. ಎರಡೂ ಹಳೆಯವಾದರೆ ವ್ಯತ್ಯಾಸ ತೀರ ಸಣ್ಣದು, ಹೊಸಬರಿಗೆ ಕೈಗೆ ಸಿಗುವುದಿಲ್ಲ.

ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಕಡೆಯ ಭಾನುವಾರದ ಸಂತೆಯಲ್ಲಿ ಹಳೆಯ ರೇಜರ್ ರಾಶಿ ಕಾಣಬಹುದು. ಹೆಚ್ಚಿನವು ಎರಡಲಗಿನವೇ. ಇಂಜೆಕ್ಟರ್ ಸಿಕ್ಕಿತು ಅನ್ನಿಸಿದರೆ, ಅಥವಾ ಆನ್‌ಲೈನ್‌ನಲ್ಲಿ ಯಾರಾದರೂ ಮಾರುತ್ತಿದ್ದರೆ, ಇಷ್ಟನ್ನು ನೋಡಿಕೊಳ್ಳಿ.

ತಲೆಯ ಪಕ್ಕದಲ್ಲಿ ಕೀ ತೂರುವ ಸೀಳು ಇರಬೇಕು. ಫೋಟೊದಲ್ಲಿ ಮುಂಭಾಗ ಮಾತ್ರ ತೋರಿಸಿದ್ದರೆ ಪಕ್ಕದ ಫೋಟೊ ಕೇಳಿ. ಸ್ಪ್ರಿಂಗ್ ಜೀವಂತ ಇರಬೇಕು. ಇದು ಎಲ್ಲಕ್ಕಿಂತ ಮುಖ್ಯ. ಸಾಧ್ಯವಾದರೆ ಒಂದು ಹಳೆಯ ಬ್ಲೇಡ್ ಹಾಕಿ, ಸೂಕ್ಷ್ಮವಾಗಿ ಅಲ್ಲಾಡಿಸಿ ನೋಡಿ. ಬ್ಲೇಡ್ ಜಾರಿದರೆ ಆ ರೇಜರ್ ಬೇಡ, ಎಷ್ಟೇ ಅಗ್ಗ ಇರಲಿ. ಬ್ಲೇಡಿನ ಅಲಗು ಎರಡೂ ಮೂಲೆಯಲ್ಲಿ ಸಮ ಚಾಚಿರಬೇಕು. ಒಂದು ಮೂಲೆ ಮುಂದೆ ಬಂದಿದ್ದರೆ ಆ ಮೂಲೆ ನಿಮ್ಮ ಕೆನ್ನೆಯಲ್ಲಿ ಗೆರೆ ಎಳೆಯುತ್ತದೆ. ಹಿಡಿಯಲ್ಲಿ ಬಿರುಕು ಇದ್ದರೆ ನೋಡಿಕೊಳ್ಳಿ, ಹಳೆಯ ಪ್ಲಾಸ್ಟಿಕ್ ಹಿಡಿಗಳು ತಲೆ ಸೇರುವ ಜಾಗದಲ್ಲಿ ಸೀಳಿರುತ್ತವೆ. ಮೇಲಿನ ಲೇಪ ಸ್ವಲ್ಪ ಸವೆದಿದ್ದರೆ ಪರವಾಗಿಲ್ಲ, ಶೇವ್‌ಗೆ ಅದು ಬಾಧಕ ಅಲ್ಲ. ತುಕ್ಕು ಸ್ಪ್ರಿಂಗಿಗೆ ಹತ್ತಿದ್ದರೆ ಮಾತ್ರ ಬಿಟ್ಟುಬಿಡಿ.

ಇನ್ನೊಬ್ಬರು ಬಳಸಿದ ರೇಜರನ್ನು ಹಾಗೇ ಮುಖಕ್ಕೆ ಹಚ್ಚಬೇಡಿ. ಪಾತ್ರೆ ತೊಳೆಯುವ ಲಿಕ್ವಿಡ್, ಬಿಸಿನೀರು, ಹಳೆಯ ಟೂತ್‌ಬ್ರಷ್. ಮೂಲೆ ಮೂಲೆ ತಿಕ್ಕಿ ಒಣಗಿಸಿ. ಆಮೇಲೆ ಮೆಡಿಕಲ್ ಅಂಗಡಿಯ ಸರ್ಜಿಕಲ್ ಸ್ಪಿರಿಟ್‌ನಲ್ಲಿ ತಲೆ ಭಾಗ ಅದ್ದಿಡಿ. ಕುದಿಸಬೇಡಿ. ಹಿಡಿ ಒಡೆಯುತ್ತದೆ, ಲೇಪ ಏಳುತ್ತದೆ.

ಮೂರನೇ ಹೆಜ್ಜೆ: ನೀರು

ಈ ಹೆಜ್ಜೆ ನನಗೆ ತುಂಬ ಹತ್ತಿರದ್ದು, ಅದಕ್ಕೆ ಸ್ವಲ್ಪ ಉದ್ದ ಹೇಳುತ್ತೇನೆ.

ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಸೋಪು ಅವುಗಳ ಜೊತೆ ಸೇರಿ ನೀರಲ್ಲಿ ಕರಗದ ಬಿಳಿ ಕಿಟ್ಟವಾಗುತ್ತದೆ. ನೊರೆಗೆ ಹೋಗಬೇಕಾದ ಸೋಪು ಕಿಟ್ಟಕ್ಕೆ ಹೋಯಿತು. ಉಳಿದ ನೊರೆ ತೆಳು, ಗುಳ್ಳೆ ಗುಳ್ಳೆ, ಒಂದು ನಿಮಿಷಕ್ಕೆ ಒಣಗುತ್ತದೆ. ಬ್ಲೇಡ್ ಜಾರುವುದಕ್ಕೆ ಏನೂ ಇಲ್ಲ. ಆಗ ಎಂಥ ರೇಜರ್ ಇದ್ದರೂ ಚರ್ಮವನ್ನೇ ಕೆರೆಯುತ್ತದೆ. ಎರಡಲಗಿನ ರೇಜರ್‌ಗಿಂತ ಇಂಜೆಕ್ಟರ್‌ನಲ್ಲಿ ನನಗೆ ಇದು ಜಾಸ್ತಿ ಗೊತ್ತಾಗಿದೆ. ಅದರ ಚಪ್ಪಟೆ ತಲೆ ಚರ್ಮಕ್ಕೆ ಅಂಟಿಕೊಂಡು ಹೋಗುತ್ತದೆ, ನಡುವೆ ನೊರೆ ಇಲ್ಲದಿದ್ದರೆ ಎಳೆಯುತ್ತದೆ.

ನಿಮ್ಮ ಮನೆ ನೀರು ಹೇಗಿದೆ ಅಂತ ತಿಳಿಯಲು ಬಕೆಟ್ ನೋಡಿದರೆ ಸಾಕು. ಒಣಗಿದ ಬಕೆಟ್ ಅಂಚಲ್ಲಿ, ಶವರ್ ತೂತಿನಲ್ಲಿ, ಗೀಸರ್ ಕೊಳವೆ ಬಾಯಲ್ಲಿ ಬಿಳಿ ಕಟ್ಟಿದ್ದರೆ ಅದು ಗಡಸು ನೀರು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 600ರವರೆಗೆ ನಡೆಯುತ್ತದೆ ಅಂತ ಇದೆ. ಮನೆಗೆ ವಾಟರ್ ಫಿಲ್ಟರ್ ಹಾಕುವವರು ಬಂದು ಟಿಡಿಎಸ್ ಮೀಟರ್ ಅದ್ದಿ ಒಂದು ಅಂಕಿ ತೋರಿಸುತ್ತಾರಲ್ಲ, ಅದು ನೀರಲ್ಲಿ ಕರಗಿದ ಎಲ್ಲದರ ಅಂದಾಜು. ಗಡಸುತನದ ಅಂಕಿ ಬೇರೆ. ಅಕ್ವೇರಿಯಂ ಅಂಗಡಿಯಲ್ಲಿ ಗಡಸುತನ ನೋಡುವ ಕಾಗದದ ಪಟ್ಟಿ ಸಿಗುತ್ತದೆ, ಅದನ್ನು ಅದ್ದಿ ನೋಡಬಹುದು.

2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ನೀರು ತರುವ ಕಾವೇರಿ ಯೋಜನೆಯ ಐದನೇ ಹಂತ ಶುರುವಾಯಿತು. ನಗರಕ್ಕೆ ಸೇರಿದ 110 ಹಳ್ಳಿಗಳ ಕಡೆಗೂ ಕಾವೇರಿ ನೀರು ಬರತೊಡಗಿತು. ಆದರೂ ಅನೇಕ ಅಪಾರ್ಟ್‌ಮೆಂಟ್‌ಗಳ ಸಂಪಿನಲ್ಲಿ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ಬೆರೆಯುತ್ತವೆ. ಇವತ್ತಿನ ನೀರು ನಾಳೆ ಇರುವುದಿಲ್ಲ. ಹೋಲಿಕೆಗೆ ಇದೇ ದೊಡ್ಡ ಶತ್ರು.

ಉಪಾಯ ಸುಲಭ. ಶೇವ್‌ಗೆ ಎರಡು ಲೋಟ ನೀರು ಬೇರೆ ಇಡಿ. ಕುಡಿಯುವ ನೀರಿನ ಫಿಲ್ಟರ್ ಆರ್.ಓ. ಆಗಿದ್ದರೆ ಆ ನೀರು ಒಳ್ಳೆಯದು, ಅದು ಗಡಸುತನ ತೆಗೆದುಹಾಕುತ್ತದೆ. ಒಂದು ಲೋಟ ಬಿಸಿ ಮಾಡಿ ನೊರೆಗೆ, ಇನ್ನೊಂದು ರೇಜರ್ ಅದ್ದಲು. ಕೊನೆಯಲ್ಲಿ ಮುಖ ತೊಳೆಯಲು ನಲ್ಲಿ ನೀರೇ ಆಗುತ್ತದೆ. ನಲ್ಲಿ ಬಿಟ್ಟುಕೊಂಡು ಶೇವ್ ಮಾಡಿದರೆ ಹರಿದುಹೋಗುವ ನೀರಿನ ಮುಂದೆ ಇದು ಏನೂ ಅಲ್ಲ. ನಾನು ತಲಘಟ್ಟಪುರದಲ್ಲಿ ಹೀಗೆ ಶುರುಮಾಡಿದ ವಾರವೇ ಕತ್ತಿನ ಗುಳ್ಳೆ ಇಳಿದವು. ಗೆಳೆಯನ ಹತ್ತಿರ ರೇಜರ್ ವಾಪಸ್ ಕೇಳಲಿಲ್ಲ. ಅವನು ಅದನ್ನು ಅಷ್ಟು ಹಚ್ಚಿಕೊಂಡಿದ್ದ.

ಸೋಪು ಯಾವುದಾದರೂ ಆಗಲಿ, ಇಡೀ ಹೋಲಿಕೆ ಮುಗಿಯುವವರೆಗೆ ಒಂದೇ ಇರಲಿ. ಗೋದ್ರೆಜ್ ಶೇವಿಂಗ್ ಸೋಪಿನ ಬಿಲ್ಲೆ, ಟ್ಯೂಬ್ ಕ್ರೀಮ್, ಎರಡೂ ನಡೆಯುತ್ತವೆ. ಸ್ಪ್ರೇ ಡಬ್ಬಿಯ ಫೋಮ್ ಮಾತ್ರ ಬೇಡ. ಉಬ್ಬಿದಂತೆ ಕಾಣುತ್ತದೆ, ಒಳಗೆ ಗಾಳಿಯೇ ಜಾಸ್ತಿ. ಬ್ರಷ್‌ನಿಂದ ತಿರುವಿದ ನೊರೆ ಮೊಸರಿನ ಹಾಗೆ ದಟ್ಟವಾಗಿ, ಹೊಳೆಯುವಂತೆ ಇರಬೇಕು. ಬ್ರಷ್ ಎತ್ತಿದರೆ ತುದಿ ಬಾಗಿ ನಿಲ್ಲಬೇಕು.

ನಾಲ್ಕನೇ ಹೆಜ್ಜೆ: ಸಂದು ನೋಡುವುದು

ರೇಜರ್ ಮೃದುವೋ ಖಾರವೋ ಅನ್ನುವುದನ್ನು ಎರಡು ವಿಷಯ ತೀರ್ಮಾನಿಸುತ್ತವೆ. ಒಂದು ಸಂದು: ಬ್ಲೇಡಿನ ಅಲಗಿಗೂ ಕೆಳಗಿನ ಅಡ್ಡಪಟ್ಟಿಗೂ ನಡುವಿನ ಜಾಗ. ಇನ್ನೊಂದು ಚಾಚು: ತಲೆಯ ಮೇಲ್ಭಾಗ ಮತ್ತು ಅಡ್ಡಪಟ್ಟಿ ಎರಡನ್ನೂ ತಾಗುವಂತೆ ಒಂದು ನೇರ ಗೆರೆ ಎಳೆದರೆ, ಅಲಗು ಆ ಗೆರೆ ದಾಟಿ ಎಷ್ಟು ಹೊರಗಿದೆ ಅನ್ನುವುದು. ಸಂದು ಜಾಸ್ತಿ ಇದ್ದು ಚಾಚು ಕಡಿಮೆ ಇದ್ದರೆ ರೇಜರ್ ಉದ್ದ ಗಡ್ಡವನ್ನೂ ನುಂಗುತ್ತದೆ, ಆದರೂ ಮೃದು. ಚಾಚು ಜಾಸ್ತಿ ಇದ್ದರೆ ಕೈ ತುಂಬ ಹಗುರ ಬೇಕು.

ಜೆ.ಸಿ. ರಸ್ತೆಯ ಆಟೊಮೊಬೈಲ್ ಅಂಗಡಿಯಲ್ಲಿ ಫೀಲರ್ ಗೇಜ್ ಕೇಳಿ. ಸ್ಪಾರ್ಕ್ ಪ್ಲಗ್ ಸಂದು ನೋಡಲು ಮೆಕ್ಯಾನಿಕ್‌ಗಳು ಬಳಸುವ, ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ತೆಳು ಉಕ್ಕಿನ ಎಲೆಗಳು. ಪ್ರತಿ ಎಲೆಯ ಮೇಲೆ ದಪ್ಪ ಬರೆದಿರುತ್ತದೆ. ರೇಜರಿಗೆ ಮುಗಿದುಹೋದ ಬ್ಲೇಡ್ ಹಾಕಿ, ಎಲೆಗಳನ್ನು ಒಂದೊಂದಾಗಿ ಪಕ್ಕದಿಂದ ಸಂದಿಗೆ ತೂರಿಸಿ. ಯಾವುದು ಸಲೀಸಾಗಿ ಹೋಗಿ, ಮುಂದಿನದು ಹೋಗುವುದಿಲ್ಲವೋ ಅದೇ ನಿಮ್ಮ ಸಂದು. ಹೊಸ ಬ್ಲೇಡಿನ ಮೇಲೆ ಈ ಪ್ರಯೋಗ ಬೇಡ, ಅಲಗು ಮೊಂಡಾಗುತ್ತದೆ. ಚಾಚು ಅಳೆಯುವುದು ಕಷ್ಟ. ಫೋನಿನಲ್ಲಿ ತಲೆಯ ಪಕ್ಕದ ಫೋಟೊ ಹತ್ತಿರದಿಂದ ತೆಗೆದು, ದೊಡ್ಡದು ಮಾಡಿ ನೋಡಿ. ಎರಡು ರೇಜರ್‌ಗಳ ಫೋಟೊ ಅಕ್ಕಪಕ್ಕ ಇಟ್ಟರೆ ಕಣ್ಣಿಗೇ ಕಾಣುತ್ತದೆ.

ಇದು ಇಲ್ಲದೆಯೂ ನಡೆಯುತ್ತದೆ. ಗೇಜ್ ಹುಡುಕಿಕೊಂಡು ಹೋಗುವ ಉತ್ಸಾಹ ಇಲ್ಲದವರು ಮುಂದಿನ ಹೆಜ್ಜೆಗೆ ಬನ್ನಿ.

ಐದನೇ ಹೆಜ್ಜೆ: ಬ್ಲೇಡ್ ತುಂಬುವುದು

ವಾಶ್‌ಬೇಸಿನ್ ಮೇಲೆ ಒಂದು ಟವೆಲ್ ಹಾಸಿ. ಹಳೆಯ ಬ್ಲೇಡ್ ಬೀಳುವುದು ಅದರ ಮೇಲೆ. ಮ್ಯಾಗಜಿನ್ನಿನ ಕೀಯನ್ನು ಸೀಳಿಗೆ ಪೂರ್ತಿ ತೂರಿಸಿ. ಅರ್ಧ ತೂರಿಸಿ ತಳ್ಳಿದರೆ ಬ್ಲೇಡ್ ಓರೆಯಾಗಿ ಸಿಕ್ಕಿಹಾಕಿಕೊಳ್ಳುತ್ತದೆ, ಅಲಗಿನ ಮೂಲೆ ಕೆಡುತ್ತದೆ. ಗುಂಡಿಯನ್ನು ಒಂದೇ ಸಲ, ನಿಧಾನವಾಗಿ ಕೊನೆಯವರೆಗೆ ತಳ್ಳಿ. ಗುಂಡಿ ಹಿಂದಕ್ಕೆ ಎಳೆದ ಮೇಲೆಯೇ ಕೀ ಹೊರಗೆ ತೆಗೆಯಬೇಕು. ಬೆಳಕಿಗೆ ಹಿಡಿದು ಅಲಗು ನೇರ ಕೂತಿದೆಯಾ ನೋಡಿ. ಅಷ್ಟೇ.

ಆರನೇ ಹೆಜ್ಜೆ: ಕೂದಲಿನ ದಿಕ್ಕು

ಇದನ್ನು ನನಗೆ ಕಲಿಸಿದ್ದು ನಮ್ಮ ಬೀದಿಯ ಸಲೂನಿನವರು. ಮೂವತ್ತು ವರ್ಷದಿಂದ ಕತ್ತಿ ಹಿಡಿದ ಕೈ ಅದು. "ಸರ್, ನಿಮ್ಮ ಕತ್ತಿನ ಎಡಗಡೆ ಕೂದಲು ಮೇಲ್ಮುಖ ಬೆಳೆಯುತ್ತೆ. ನೀವು ಮೇಲಿಂದ ಕೆಳಗೆ ಎಳೀತಿದ್ದೀರಿ, ಅದು ಉಲ್ಟಾ" ಅಂದರು. ಇಪ್ಪತ್ತು ವರ್ಷದಿಂದ ನನ್ನದೇ ಕತ್ತು, ನಾನು ನೋಡಿರಲಿಲ್ಲ.

ಎರಡು ದಿನದ ಗಡ್ಡ ಬಿಡಿ. ಬೆರಳ ತುದಿಯಿಂದ ಮುಖದ ಪ್ರತಿ ಭಾಗವನ್ನೂ ನಾಲ್ಕು ದಿಕ್ಕಿಗೆ ಸವರಿ. ಯಾವ ಕಡೆ ನುಣುಪೋ ಅದು ಕೂದಲು ಬೆಳೆಯುವ ದಿಕ್ಕು. ಒಂದು ಕಾಗದದಲ್ಲಿ ಮುಖದ ಚಿತ್ರ ಬರೆದು ಬಾಣ ಹಾಕಿಟ್ಟುಕೊಳ್ಳಿ. ಹೋಲಿಕೆಯ ದಿನಗಳಲ್ಲಿ ಮೊದಲ ಸುತ್ತು ಬಾಣದ ದಿಕ್ಕಿಗೆ, ಎರಡನೇ ಸುತ್ತು ಅಡ್ಡಕ್ಕೆ. ಉಲ್ಟಾ ಎಳೆಯುವುದು ಬೇಡ. ಗುಂಗುರು ಕೂದಲಿನವರಿಗೆ, ಕೂದಲು ಚರ್ಮದೊಳಗೇ ತಿರುಗಿ ಗುಳ್ಳೆ ಆಗುವವರಿಗೆ, ಯಾವತ್ತೂ ಬೇಡ.

ಏಳನೇ ಹೆಜ್ಜೆ: ಒಂದು ಕೆನ್ನೆಗೆ ಒಂದು ರೇಜರ್

ಎರಡೂ ರೇಜರಿಗೆ ಒಂದೇ ಪ್ಯಾಕಿನ ಹೊಸ ಬ್ಲೇಡ್. ಸ್ನಾನ ಮಾಡಿ ಬಂದ ಕೂಡಲೇ ಶುರುಮಾಡಿ. ಇಲ್ಲವಾದರೆ ಬಿಸಿನೀರಿನ ಟವೆಲ್ ಎರಡು ಮೂರು ನಿಮಿಷ ಮುಖಕ್ಕೆ ಹಿಡಿಯಿರಿ. ನೀರು ಕುಡಿದ ಕೂದಲು ಮೆತ್ತಗಾಗುತ್ತದೆ, ಬ್ಲೇಡಿಗೆ ಅರ್ಧ ಕೆಲಸ ಕಡಿಮೆ.

ಹೋಲಿಸುವ ಒಂದು ರೇಜರನ್ನು ಎ, ಇನ್ನೊಂದನ್ನು ಬಿ ಅನ್ನೋಣ. ಇವು ಶಿಕ್ ಮಾದರಿಯ ಅಕ್ಷರಗಳಲ್ಲ. ಮೊದಲ ದಿನ ಎಡಗೆನ್ನೆ ಮತ್ತು ಕತ್ತಿನ ಎಡಭಾಗಕ್ಕೆ ಎ ರೇಜರ್. ಬಲಕ್ಕೆ ಬಿ. ಮುಂದಿನ ಶೇವ್‌ಗೆ ಅದಲುಬದಲು. ಈ ಅದಲುಬದಲು ಬಿಡಬೇಡಿ. ಬಲಗೈಯವರಿಗೆ ಬಲಗೆನ್ನೆ ಸಲೀಸು, ಎಡಗೆನ್ನೆಗೆ ಕೈ ಅಡ್ಡ ಬರುತ್ತದೆ. ಒಂದೇ ಕಡೆ ಒಂದೇ ರೇಜರ್ ಬಳಸಿದರೆ ಕೈಯ ತಪ್ಪು ರೇಜರ್ ಲೆಕ್ಕಕ್ಕೆ ಹೋಗುತ್ತದೆ. ದಿನ ಬಿಟ್ಟು ದಿನ, ಒಟ್ಟು ಆರು ಶೇವ್. ಪ್ರತಿ ರೇಜರಿಗೂ ಪ್ರತಿ ಕೆನ್ನೆ ಮೂರು ಸಲ ಸಿಕ್ಕಿತು.

ಕೋನ ಹೀಗೆ ಹಿಡಿಯಿರಿ. ತಲೆಯ ಚಪ್ಪಟೆ ಮೇಲ್ಭಾಗವನ್ನು ಕೆನ್ನೆ ಮೇಲೆ ಮಲಗಿಸಿ. ಈಗ ಬ್ಲೇಡ್ ಚರ್ಮಕ್ಕೆ ತಾಗಿರುವುದಿಲ್ಲ. ಹಿಡಿಯನ್ನು ಮುಖದ ಕಡೆಗೆ ನಿಧಾನ ಇಳಿಸುತ್ತಾ ಹಗುರವಾಗಿ ಎಳೆಯಿರಿ. ಒಂದು ಹಂತದಲ್ಲಿ ಸರಸರ ಅಂತ ಸದ್ದು ಶುರುವಾಗುತ್ತದೆ. ಅಲ್ಲೇ ನಿಲ್ಲಿಸಿ. ಅದೇ ಕೋನ. ಎರಡಲಗಿನ ರೇಜರ್ ಅಭ್ಯಾಸ ಇರುವವರು ಅದೇ ಕೋನದಲ್ಲಿ ಇದನ್ನೂ ಹಿಡಿದು, ಇದು ಕತ್ತರಿಸುವುದೇ ಇಲ್ಲ ಅಂತ ಒತ್ತಲು ಶುರುಮಾಡುತ್ತಾರೆ. ಒತ್ತಿದರೆ ದಪ್ಪ ಬ್ಲೇಡ್ ಬಾಗುವುದಿಲ್ಲ, ನೇರ ಚರ್ಮಕ್ಕೆ ಇಳಿಯುತ್ತದೆ. ಹಿಡಿಯ ತುದಿಯನ್ನು ಮೂರು ಬೆರಳಲ್ಲಿ ಹಿಡಿದರೆ ಒತ್ತಬೇಕೆಂದರೂ ಆಗುವುದಿಲ್ಲ. ಇದು ಒಳ್ಳೆಯ ಅಭ್ಯಾಸ. ಎರಡು ಮೂರು ಸೆಂ.ಮೀ. ಉದ್ದದ ಸಣ್ಣ ಎಳೆತ ಸಾಕು. ಇನ್ನೊಂದು ಕೈಲಿ ಚರ್ಮ ಬಿಗಿ ಹಿಡಿಯಿರಿ. ಒಂದೇ ಅಲಗು ಇರುವುದರಿಂದ ನೊರೆ ಬೇಗ ತುಂಬುತ್ತದೆ, ಎರಡು ಮೂರು ಎಳೆತಕ್ಕೊಮ್ಮೆ ಲೋಟದಲ್ಲಿ ಅದ್ದಿ ಅಲ್ಲಾಡಿಸಿ.

ಮೊಡವೆ, ಮಚ್ಚೆ ಇರುವ ಜಾಗ ಬಿಟ್ಟುಬಿಡಿ. ಕೀವು ತುಂಬಿದ ಗುಳ್ಳೆಗಳಿದ್ದರೆ ಹೋಲಿಕೆಯನ್ನೇ ಮುಂದೂಡಿ ಚರ್ಮದ ಡಾಕ್ಟರಿಗೆ ತೋರಿಸಿ.

ಎಂಟನೇ ಹೆಜ್ಜೆ: ಬರೆದಿಡುವುದು

ನೆನಪು ನಂಬಬೇಡಿ. ಪ್ರತಿ ಶೇವ್ ಆದ ಮೇಲೆ ಎಡ, ಬಲ ಅಂತ ಎರಡು ಸಾಲು ಬರೆಯಿರಿ. ನಾನು ಬರೆಯುವುದು ನಾಲ್ಕು ಸಂಗತಿ. ರಕ್ತದ ಚುಕ್ಕೆ ಎಷ್ಟು. ಪಟಿಕದ ಕಲ್ಲು ಸವರಿದಾಗ ಎಲ್ಲೆಲ್ಲಿ ಚುರುಗುಟ್ಟಿತು. ಹತ್ತು ನಿಮಿಷದ ಮೇಲೆ ಉರಿ ಇದೆಯಾ. ಸಂಜೆ ಆರಕ್ಕೆ ಅಂಗೈ ಹಿಂಭಾಗದಿಂದ ಸವರಿದರೆ ಕುರುಚಲು ಎಷ್ಟು ತಾಗುತ್ತದೆ.

ಇದರಲ್ಲಿ ಪಟಿಕ ಒಳ್ಳೆಯ ಪರೀಕ್ಷಕ. ಸಲೂನಿನಲ್ಲಿ ಕೊನೆಗೆ ಒದ್ದೆ ಮಾಡಿ ಸವರುತ್ತಾರಲ್ಲ, ಅದೇ ಬಿಳಿ ಕಲ್ಲು, ಗ್ರಂದಿಗೆ ಅಂಗಡಿಯಲ್ಲಿ ಸಿಗುತ್ತದೆ. ಅದು ಚರ್ಮವನ್ನು ಬಿಗಿಮಾಡಿ ಸಣ್ಣ ರಕ್ತ ನಿಲ್ಲಿಸುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ತರಚನ್ನೂ ಚುರುಗುಟ್ಟಿ ತೋರಿಸುತ್ತದೆ. ಎ ರೇಜರ್ ಹೋದ ಕಡೆಯೆಲ್ಲ ಚುರುಗುಟ್ಟಿ, ಬಿ ಕಡೆ ಸುಮ್ಮನಿದ್ದರೆ, ಎ ನಿಮ್ಮ ಕೈಗೆ ಖಾರ. ಅರ್ಧ ನಿಮಿಷದಲ್ಲಿ ತೊಳೆದುಬಿಡಿ, ಹಾಗೇ ಬಿಟ್ಟರೆ ಚರ್ಮ ಒಣಗುತ್ತದೆ.

ಆರು ಶೇವ್‌ನ ಕಾಗದ ಎದುರಿಗಿಟ್ಟುಕೊಂಡು ಓದಿ. ಸಂಜೆಯ ನುಣುಪು ಮತ್ತು ಉರಿ ಎರಡನ್ನೂ ಒಟ್ಟಿಗೆ ನೋಡಬೇಕು. ಒಂದು ರೇಜರ್ ಎರಡು ಕೆನ್ನೆಯಲ್ಲೂ ಉರಿಸಿದ್ದರೆ ಅದು ರೇಜರ್ ವಿಷಯ. ಎರಡೂ ರೇಜರ್ ಎಡಗೆನ್ನೆಯಲ್ಲೇ ಉರಿಸಿದ್ದರೆ ಅದು ನಿಮ್ಮ ಕೈಯ ಕೋನ. ಮೊದಲ ಎರಡು ಶೇವ್ ಚೆನ್ನಾಗಿದ್ದು ಆಮೇಲೆ ಎರಡೂ ಕೆಟ್ಟಿದ್ದರೆ ಬ್ಲೇಡ್ ಮುಗಿದಿದೆ. ಯಾವುದೋ ಒಂದು ದಿನ ಮಾತ್ರ ಎರಡೂ ಕೆಟ್ಟಿದ್ದರೆ ಅವತ್ತು ನೀರು ಯಾವುದು ಬಳಸಿದಿರಿ ಅಂತ ನೆನಪಿಸಿಕೊಳ್ಳಿ.

ಹೋಲಿಕೆಯನ್ನು ಹದಿನೈದು ದಿನದೊಳಗೆ ಮುಗಿಸಿ. ಡಿಸೆಂಬರ್–ಜನವರಿಯಲ್ಲಿ ಶುರುಮಾಡಿ ಮಾರ್ಚ್‌ವರೆಗೆ ಎಳೆದರೆ ಚಳಿಗೆ ಒಡೆದ ಚರ್ಮಕ್ಕೂ ಬೇಸಿಗೆಯ ಬೆವರಿಗೂ ಹೋಲಿಸಿದ ಹಾಗಾಗುತ್ತದೆ.

ನನ್ನ ಕಾಗದ ಏನು ಹೇಳಿತು ಅಂದರೆ, ತೂಕದ ಹೊಸ ರೇಜರ್ ಕೆನ್ನೆಗೆ ಚೆನ್ನ, ಸಂಜೆವರೆಗೂ ನುಣುಪು. ಕತ್ತಿಗೆ ಮಾತ್ರ ಹಗುರವಾದ ಹಳೆಯ ಜಿ ಮಾದರಿಯೇ ಬೇಕು. ಹೊಸದು ಕತ್ತಿನ ತಿರುವಿನಲ್ಲಿ ತನ್ನ ತೂಕದಿಂದಲೇ ಒತ್ತುತ್ತದೆ. ಒಂದನ್ನೇ ಇಟ್ಟುಕೊಳ್ಳಬೇಕು ಅಂದಾಗ ಜಿ ಇಟ್ಟುಕೊಂಡೆ. ಒಂದು ಬ್ಲೇಡ್ ನನಗೆ ಆರೇಳು ಶೇವ್ ಬರುತ್ತದೆ. ನಿಮ್ಮ ಗಡ್ಡ ಗಟ್ಟಿ ಇದ್ದರೆ ಕಡಿಮೆ ಬರಬಹುದು, ಎಳೆಯುತ್ತಿದೆ ಅನ್ನಿಸಿದ ದಿನವೇ ಬದಲಿಸಿ.

ಆಮೇಲೆ

ಪ್ರತಿ ಶೇವ್ ಆದ ಮೇಲೆ ರೇಜರನ್ನು ಬ್ಲೇಡ್ ಸಮೇತ ಫಿಲ್ಟರ್ ನೀರಲ್ಲಿ ಅದ್ದಿ, ಕೊಡವಿ, ಗಾಳಿಯಾಡುವ ಕಡೆ ಇಡಿ. ಅಲಗನ್ನು ಬಟ್ಟೆಯಲ್ಲಿ ಒರೆಸಬೇಡಿ. ಬಾತ್‌ರೂಮಿನ ತೇವದಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಸ್ಪ್ರಿಂಗಿಗೆ ತುಕ್ಕು ಹತ್ತುವುದು ಬೇಗ. ಗಡಸು ನೀರು ಒಣಗಿದರೆ ಸಂದಿನಲ್ಲಿ ಬಿಳಿ ಕಟ್ಟುತ್ತದೆ. ತಿಂಗಳಿಗೊಮ್ಮೆ ಬ್ಲೇಡ್ ತೆಗೆದು ಟೂತ್‌ಬ್ರಷ್‌ನಿಂದ ತಿಕ್ಕಿದರೆ ಹೋಗುತ್ತದೆ.

ಹಳೆಯ ಬ್ಲೇಡ್ ವಿಷಯಕ್ಕೆ ಬರೋಣ. ಕೆಲವು ಮ್ಯಾಗಜಿನ್‌ಗಳ ಹಿಂಭಾಗದಲ್ಲಿ ಬಳಸಿದ ಬ್ಲೇಡ್ ಹಾಕುವ ಸೀಳು ಇರುತ್ತದೆ. ಇಲ್ಲದಿದ್ದರೆ ಮುಚ್ಚಳ ಗಟ್ಟಿ ಇರುವ ಒಂದು ತಗಡಿನ ಡಬ್ಬಿಗೆ ಮೇಲೆ ಸಣ್ಣ ಸೀಳು ಮಾಡಿ ಇಟ್ಟುಕೊಳ್ಳಿ. ನಮ್ಮ ಊರಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಟ್ಟರೂ ಪೌರಕಾರ್ಮಿಕರು ಅದನ್ನು ಮತ್ತೆ ಕೈಯಲ್ಲೇ ಬಿಡಿಸುತ್ತಾರೆ. ಕಾಗದದಲ್ಲಿ ಸುತ್ತಿದ ಬ್ಲೇಡ್ ಅವರ ಬೆರಳಿಗೆ ಕಾಣುವುದಿಲ್ಲ. ಡಬ್ಬಿ ತುಂಬಲು ವರ್ಷಗಟ್ಟಲೆ ಬೇಕು. ತುಂಬಿದ ದಿನ ಸೀಳಿಗೆ ಟೇಪ್ ಸುತ್ತಿ, ಮೇಲೆ ದಪ್ಪ ಅಕ್ಷರದಲ್ಲಿ "ಬ್ಲೇಡ್ ಇದೆ" ಅಂತ ಬರೆಯಿರಿ. ಒಣ ಕಸದ ಚೀಲಕ್ಕೆ ಹಾಕಬೇಡಿ. ಕಸದ ಗಾಡಿ ಬಂದಾಗ ಕೆಳಗಿಳಿದು ಹೋಗಿ, "ಅಕ್ಕ, ಇದರಲ್ಲಿ ಬ್ಲೇಡ್ ಇದೆ, ಬೇರೆ ಇಡಿ" ಅಂತ ಬಾಯಲ್ಲೂ ಹೇಳಿ, ಡಬ್ಬಿಯನ್ನು ಕೈಗೇ ಕೊಡಿ.